ಕಥೆಯ ಪಹಣಿ

ಮಲೆನಾಡಿನಲ್ಲಿ ದೊಡ್ಡ ಯೋಜನೆಗಳೆಲ್ಲ ಹುಟ್ಟುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಮದುವೆ, ಉಪನಯನ, ರಾತ್ರಿಯಾದರೆ ಯಕ್ಷಗಾನದ ಆಟ; ಚಳಿಗಾಲದಲ್ಲಿ ಅಡಿಕೆ ಕೊಯ್ಲು, ಸುಲಿತ, ಒಣಗಿಸುವುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ, ಜಗಲಿಯಲ್ಲಿ ಕಾಲು ಚಾಚಿ ಕೂತವನಿಗೆ ಮಾತ್ರ ಜಗತ್ತನ್ನು ಒಂದಿಷ್ಟು ಸರಿಪಡಿಸಿದರೆ ಹೇಗೆ ಎಂಬ ಆಲೋಚನೆ ಬರುತ್ತದೆ. ವಂಶವೃಕ್ಷ ಬರೆಸುವುದು, ಅಟ್ಟದ ಪೆಟ್ಟಿಗೆ ಇಳಿಸಿ ನೋಡುವುದು, ಊರಿನ ಇತಿಹಾಸ ಅಚ್ಚು ಹಾಕಿಸುವುದು, ಇವೆಲ್ಲ ಆಷಾಢದ ಸಂಕಲ್ಪಗಳು. ನವರಾತ್ರಿಯ ಹೊತ್ತಿಗೆ ಬಿಸಿಲು ಬಿದ್ದರೆ ಔಷಧಿಯಿಲ್ಲದೆ ಗುಣವಾಗುತ್ತವೆ.

ನಮ್ಮ ಅಕ್ಕನ ಮಗನಿಗೆ ಹತ್ತಿದ್ದು ಮಾತ್ರ ಗುಣವಾಗಲಿಲ್ಲ. ಅವನು ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಹೊಸನಗರದ ಕಡೆಯ ನಮ್ಮ ಮನೆಯ ಉಪ್ಪರಿಗೆಯಲ್ಲಿ ಕೂತು ಮಾಡುತ್ತಾನೆ. ನೆಟ್‌ವರ್ಕ್ ಇದ್ದಾಗ ಕಂಪನಿ, ಇಲ್ಲದಾಗ ನಾನು. ಹೀಗಾಗಿ ಮಳೆಗಾಲದಲ್ಲಿ ನಾವಿಬ್ಬರೂ ಬಹಳ ಮಾತಾಡುತ್ತೇವೆ. ಅಂಥದೊಂದು ಮಾತಿನ ನಡುವೆ ಅವನು ತಾನು ಬಿಡುವಿನಲ್ಲಿ ಓದುವುದು ಫ್ಯಾನ್ ಫಿಕ್ಷನ್ ಎಂದ.

“ಹಂಗಂದ್ರೆ ಎಂತದೋ?”

“ಬೇರೆಯವರ ಕಥೆಯ ಪಾತ್ರಗಳನ್ನ ತಗೊಂಡು ನಾವು ಹೊಸ ಕಥೆ ಕಟ್ಟೋದು ಮಾವ. ಹ್ಯಾರಿ ಪಾಟರ್, ಷರ್ಲಾಕ್ ಹೋಮ್ಸ್, ಯಾರಾದ್ರೂ ಆಗ್ತದೆ. ಮೂಲದಲ್ಲಿ ಸತ್ತವ್ರನ್ನ ಬದುಕಿಸ್ಬಹುದು, ಜಗಳ ಆಡದೇ ಇದ್ದವ್ರ ನಡುವೆ ಜಗಳ ತಂದಿಡ್ಬಹುದು.”

“ಓದೋರಿಗೆ ಮೂಲ ಕಥೆ ಗೊತ್ತಿರ್ತದಾ?”

“ಗೊತ್ತಿರ್ಲೇಬೇಕು. ಗೊತ್ತಿದ್ರೇ ಮಜಾ.”

“ಗೊತ್ತಿದ್ದೂ ನಿದ್ದೆಗೆಟ್ಟು ಕೂತಿರ್ತಾರಾ?”

“ಬೆಳಗಿನ ಜಾವದ ತನಕ.”

“ಮಾರಾಯ, ಈ ಚಟಕ್ಕೇ ನಿನ್ನಜ್ಜ ಗದ್ದೆ ಬಯಲಲ್ಲಿ ಕಂಬಳಿ ಹೊದ್ದು ಕೂತಿರ್ತಿದ್ದದ್ದು” ಎಂದೆ.

ಅವನು ತೋರಿಸಿದ ಕಥೆಗಳ ಕಣಜದ ಹೆಸರು ಆರ್ಕೈವ್ ಆಫ್ ಅವರ್ ಓನ್. 2009ರಲ್ಲಿ ಬಾಗಿಲು ತೆರೆದದ್ದು. ಅದರೊಳಗಿನ ಕೃತಿಗಳ ಸಂಖ್ಯೆ ಒಂದು ಕೋಟಿಯನ್ನು ಎಂದೋ ದಾಟಿದೆ. ಬರೆಯುವವರಿಗೂ ಸಂಬಳವಿಲ್ಲ, ಬರೆದದ್ದನ್ನು ಒಪ್ಪವಾಗಿ ಇಡುವವರಿಗೂ ಇಲ್ಲ. 2019ರಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂದಾಗ, ಅಲ್ಲಿ ಕಥೆ ಹಾಕಿದವರು ಆ ಪ್ರಶಸ್ತಿಯಲ್ಲಿ ತಮ್ಮದೂ ಒಂದು ಚೂರು ಪಾಲಿದೆಯೆಂದು ತಮಾಷೆಗೆ ಹೇಳಿಕೊಂಡರಂತೆ. ನನಗೆ ಇದು ತೀರ ನ್ಯಾಯವಾಗಿ ಕಂಡಿತು. ನಮ್ಮ ಹವ್ಯಾಸಿ ಮೇಳಕ್ಕೆ ಸನ್ಮಾನವಾದರೆ ತೆರೆ ಹಿಡಿದವನೂ ಶಾಲಿಗೆ ಹೆಗಲು ಕೊಡುತ್ತಾನೆ.

“ನಮ್ಮ ಯಕ್ಷಗಾನ ಪ್ರಸಂಗಗಳಿಗೂ ಇಂಥದೊಂದು ಡೇಟಾಬೇಸ್ ಮಾಡಾಣ ಮಾವ. ಕಥೆ, ಕವಿ, ಪಾತ್ರ, ಏನು ಕೇಳಿದ್ರೂ ತಟ್ಟಂತ ಸಿಗ್ಬೇಕು” ಎಂದ. ಇಡೀ ಕರ್ನಾಟಕ ಬೇಡ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೇ ತಾಲ್ಲೂಕು ಸಾಕು ಎಂದು ನಾನು ಗಡಿ ಹಾಕಿದೆ. ಪ್ರಸಂಗದ ಪಠ್ಯಗಳನ್ನು ಸ್ಕ್ಯಾನ್ ಮಾಡುವ, ಯುನಿಕೋಡ್‌ನಲ್ಲಿ ಟೈಪ್ ಮಾಡುವ ಕೆಲಸವನ್ನು ಯಕ್ಷವಾಹಿನಿಯ ಸ್ವಯಂಸೇವಕರು ಮಾಡುತ್ತಲೇ ಇದ್ದಾರೆ. ನಮಗೆ ಬೇಕಾದದ್ದು ನಮ್ಮ ಮೂರು ತಾಲ್ಲೂಕಿನ ಜನ ಕೇಳಿದ, ಆಡಿದ, ಹೊಲಿದ, ತಿದ್ದಿದ ಕಥೆಗಳ ಲೆಕ್ಕ.

ಮೂರೇ ಏಕೆಂದರೆ, ಈ ಮೂರನ್ನೂ ಶರಾವತಿ ಹೊಲಿದಿದ್ದಾಳೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದಲ್ಲಿ ಹರಿದು, ಸಾಗರದ ಜೋಗದಲ್ಲಿ ಧುಮುಕುತ್ತಾಳೆ. ಸೀತೆಗೆ ಬಾಯಾರಿದಾಗ ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದ ಜಾಗ ಅಂಬುತೀರ್ಥ. ಅದೇ ತಾಲ್ಲೂಕಿನ ಮೃಗವಧೆಯಲ್ಲಿ ಅವನು ಮಾಯಾಮೃಗವನ್ನು ಕೊಂದ. ವಾಲ್ಮೀಕಿಯನ್ನು ಕೇಳಿದರೆ ಈ ಎರಡು ಊರುಗಳ ಹೆಸರು ಹೇಳಲಾರ. ಆದರೆ ನಮ್ಮವರಿಗೆ ವಾಲ್ಮೀಕಿಯ ಸಾಕ್ಷಿ ಬೇಕಾಗಲಿಲ್ಲ. ಕಥೆ ಇಷ್ಟವಾಯಿತು, ರಾಮನನ್ನು ಕರೆದು ತಮ್ಮೂರ ಹೊಳೆಯಂಚಿಗೆ ತಂದು ನಿಲ್ಲಿಸಿದರು. ಹೊಸನಗರದ ಹುಂಚದ ಜೈನ ಪರಂಪರೆಯ ಕಡೆಯಿಂದ ನೋಡಿದರೆ ಕಥೆ ಇನ್ನೊಂದೇ ದಾರಿ ಹಿಡಿಯುತ್ತದೆ. ಜೈನ ರಾಮಾಯಣಗಳಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾಮನ ಕೈಗೆ ಹಿಂಸೆಯ ಕಲೆ ಅಂಟುವುದಿಲ್ಲ. ಇನ್ನು ಕುಪ್ಪಳಿಯ ಕವಿ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯೊಬ್ಬಳನ್ನೇ ಬೆಂಕಿಗೆ ಕಳಿಸಲು ಒಪ್ಪದೆ ರಾಮನನ್ನೂ ಜೊತೆಗೆ ಇಳಿಸಿದರು. ರಾಮಾಯಣ ಬರೆಯುವವರ ಭಾರಕ್ಕೆ ಆದಿಶೇಷ ತಿಣುಕುತ್ತಿದ್ದಾನೆಂದು ಕುಮಾರವ್ಯಾಸ ಹೇಳಿದ್ದು ನಿಜ. ಆ ಭಾರದಲ್ಲಿ ನಮ್ಮ ಮೂರು ತಾಲ್ಲೂಕಿನದು ಎಷ್ಟು ಮಣ ಎಂದು ತೂಗಿ ನೋಡುವ ಕೆಲಸ ಮಾತ್ರ ಬಾಕಿ ಇತ್ತು.

ಅಳಿಯ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ ಎಳೆದ. ಮೊದಲ ಕಾಲಂ ಕೃತಿಯ ಹೆಸರು, ಎರಡನೆಯದು ಕರ್ತೃ. “ಇಷ್ಟೇ ಮಾವ, ಉಳಿದದ್ದು ಸುಲಭ” ಎಂದ. ಸುಲಭ ಎಂಬ ಮಾತು ಕೇಳಿದರೆ ನನಗೆ ಭಯವಾಗುತ್ತದೆ.

ಹೆಸರಿನಿಂದಲೇ ತೊಡಕು ಶುರುವಾಯಿತು. ಪ್ರಸಂಗಗಳು ಕಾಳಗ, ಕಲ್ಯಾಣ, ವಿಜಯ, ವಿಲಾಸ, ಮಹಾತ್ಮೆ ಎಂದು ಕೊನೆಯಾಗುತ್ತವೆ. ಒಂದೇ ಪ್ರಸಂಗ ಒಂದು ಕಡೆ ಕೃಷ್ಣಾರ್ಜುನ ಕಾಳಗ, ಇನ್ನೊಂದು ಕಡೆ ಗಯಚರಿತ್ರೆ. ವಿರಾಟಪರ್ವದಲ್ಲಿ ಕೀಚಕನಷ್ಟು ತುಂಡನ್ನು ತೆಗೆದು ಒಂದು ರಾತ್ರಿ ಆಡುತ್ತಾರೆ, ಗೋಗ್ರಹಣದಷ್ಟನ್ನು ಇನ್ನೊಂದು ರಾತ್ರಿ. ಅದು ಒಂದು ಕೃತಿಯೋ, ಎರಡೋ? ಕರಪತ್ರದಲ್ಲಿ ಎರಡು, ಪುಸ್ತಕದಲ್ಲಿ ಒಂದು, ನಿದ್ದೆಗೆಟ್ಟವನ ಲೆಕ್ಕದಲ್ಲಿ ಅರ್ಧ. ಇಷ್ಟರ ಮೇಲೆ ಪೌರಾಣಿಕವಲ್ಲದ ಕಾಲ್ಪನಿಕ ಪ್ರಸಂಗಗಳು ಬೇರೆ. ಗುಂಡ್ಮಿ ಕಾಳಿಂಗ ನಾವಡರ ‘ನಾಗಶ್ರೀ’ಯಂಥವು ಡೇರೆ ಮೇಳಗಳ ಗಲ್ಲಾ ತುಂಬಿಸಿದ ಮೇಲೆ ಶ್ರೀಯಿಂದ ಕೊನೆಯಾಗುವ ರಾಜಕುಮಾರಿಯರ ಒಂದು ಸಂಸಾರವೇ ಬೆಳೆಯಿತು. ಅವರನ್ನು ಯಾವ ಪುರಾಣದ ಕೆಳಗೆ ಬರೆದುಕೊಳ್ಳುವುದು?

ಕರ್ತೃವಿನ ಕಾಲಂ ಇನ್ನೂ ಗಟ್ಟಿ ಕಾಯಿ. ಹಳೆಯ ಪ್ರಸಂಗಗಳ ಮೊದಲ ದೊಡ್ಡ ಹೆಸರು ಕುಂಬಳೆಯ ಪಾರ್ತಿಸುಬ್ಬ. ‘ಪಂಚವಟಿ’ಯಾದಿಯಾಗಿ ರಾಮಾಯಣದ ಪ್ರಸಂಗಗಳನ್ನು ಅವನ ಹೆಸರಿಗೆ ಹಾಕಿ ನಾನು ಕೈತೊಳೆದುಕೊಳ್ಳುವ ಅಂದಾಜಿನಲ್ಲಿದ್ದೆ. ತೀರ್ಥಹಳ್ಳಿ ಕಡೆಯ ನಿವೃತ್ತ ಭಾಗವತರೊಬ್ಬರು, ಈ ಕೆಲಸಕ್ಕೆ ನಾವು ಕರೆಯದೆಯೇ ಸಿಕ್ಕ ಸಲಹೆಗಾರರು, ತಡೆದರು. ಮುಳಿಯ ತಿಮ್ಮಪ್ಪಯ್ಯನವರು 1945ರಲ್ಲಿ ಪಾರ್ತಿಸುಬ್ಬನ ಮೇಲೆ ಪುಸ್ತಕವನ್ನೇ ಬರೆದರು. ಶಿವರಾಮ ಕಾರಂತರು ಅದನ್ನೆಲ್ಲ ಒಪ್ಪಲಿಲ್ಲ. ಕುಕ್ಕಿಲ ಕೃಷ್ಣಭಟ್ಟರು ಕಾರಂತರನ್ನು ಒಪ್ಪಲಿಲ್ಲ. “ಅಷ್ಟು ದೊಡ್ಡವರು ಇತ್ಯರ್ಥ ಮಾಡದ್ದನ್ನ ನೀವು ಒಂದು ಗುಂಡಿ ಒತ್ತಿ ಮಾಡ್ತೀರಾ?” ಎಂದು ಭಾಗವತರು ಕೇಳಿದರು. ಅಳಿಯ ಗುಂಡಿಯ ಮೇಲಿಂದ ಬೆರಳು ತೆಗೆದ.

ಹೆಸರು ಗೊತ್ತಿದ್ದೂ ಅಡಗಿಸಿದವರದು ಇನ್ನೊಂದು ಕಥೆ. ನಂದಳಿಕೆಯ ಲಕ್ಷ್ಮೀನಾರಾಯಣ ಉಡುಪಿಯಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಮೇಷ್ಟ್ರು. ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಪ್ರಸಂಗಗಳನ್ನು ಬರೆದದ್ದಲ್ಲದೆ, 1895ರಲ್ಲಿ ‘ಅದ್ಭುತ ರಾಮಾಯಣ’ವನ್ನು ಮೈಸೂರಿನ ಪತ್ರಿಕೆಗೆ ಕಳಿಸಿದಾಗ ಅದನ್ನು ಹಳೆಯ ಕೃತಿಯೆಂದೇ ನಂಬಿಸಿದರು. ಅದರಲ್ಲಿ ಸಾವಿರ ತಲೆಯ ರಾವಣನನ್ನು ಕೊಲ್ಲುವವಳು ಸೀತೆ. ಮುದ್ದಣ, ಚಕ್ರಧಾರಿ, ಮಹಾಲಕ್ಷ್ಮಿ ಎಂದು ಅವರಿಗೆ ಹಲವು ಹೆಸರು. ಅಳಿಯ ಇದನ್ನು ಕೇಳಿ ಕುಣಿದುಬಿಟ್ಟ. ಆರ್ಕೈವಿನಲ್ಲೂ ಒಬ್ಬ ಲೇಖಕ ಒಂದೇ ಖಾತೆಯೊಳಗೆ ಎಷ್ಟು ಕಾವ್ಯನಾಮ ಬೇಕಾದರೂ ಇಟ್ಟುಕೊಳ್ಳಬಹುದಂತೆ. ಸಾಕೆನಿಸಿದರೆ ಕೃತಿಯನ್ನು ಉಳಿಸಿ ತನ್ನ ಹೆಸರನ್ನಷ್ಟೇ ಕಿತ್ತುಕೊಂಡು ಹೋಗಬಹುದು, ಆ ಮೇಲೆ ಅದನ್ನು ಅನಾಥ ಕೃತಿ ಎನ್ನುತ್ತಾರೆ. ನಮ್ಮ ಅಟ್ಟದ ಮೇಲಿನ ಓಲೆಗರಿಗಳಲ್ಲಿ ಅರ್ಧಕ್ಕರ್ಧ ಆ ಜಾತಿಯವೇ.

ಹೀಗೆ ಕಾಲಂ ಎರಡರಲ್ಲಿ ಹೂತು ಕೂತಿದ್ದಾಗ ನನಗೆ ನೆನಪಾದದ್ದು ಪಹಣಿ. ಮಲೆನಾಡಿನವನಿಗೆ ದೇವರ ಪಟಕ್ಕಿಂತ ಹೆಚ್ಚು ಪರಿಚಿತವಾದ ಕಾಗದ ಅದು. ಅದರ ಒಂಬತ್ತನೇ ಕಾಲಂನಲ್ಲಿ ಮಾಲೀಕನ ಹೆಸರು, ಹತ್ತರಲ್ಲಿ ಅವನಿಗೆ ಅದು ಬಂದ ಬಗೆ, ಹನ್ನೊಂದರಲ್ಲಿ ಹಕ್ಕು ಮತ್ತು ಋಣ, ಹನ್ನೆರಡರಲ್ಲಿ ಸಾಗುವಳಿ. ನೆಲ ಯಾರದೆಂದು ಒಂದೇ ಮಾತಲ್ಲಿ ಹೇಳಿ ಮುಗಿಸುವ ಮೂರ್ಖತನವನ್ನು ಕಂದಾಯ ಇಲಾಖೆ ಎಂದೂ ಮಾಡಿಲ್ಲ. ಕಥೆಗೂ ಹಾಗೇ ಬರೆದರಾಯಿತು. ಮಾಲೀಕ: ವ್ಯಾಸ. ಬಂದ ಬಗೆ: ಕುಮಾರವ್ಯಾಸನಿಂದ, ಜೈಮಿನಿ ಭಾರತದ ಲಕ್ಷ್ಮೀಶನಿಂದ, ಅಥವಾ ಅಜ್ಜಿಯ ಬಾಯಿಂದ. ಋಣ: ಇಂಥ ಹಳೆಯ ಪ್ರಸಂಗದಿಂದ ಇಷ್ಟು ಪದ್ಯ ಎತ್ತಿದ್ದು. ಸಾಗುವಳಿ: ಪ್ರಸಂಗಕರ್ತ.

“ಹಂಗಾದ್ರೆ ಲೇಖಕ ಯಾರು ಅಂತ ಹುಡುಕಿದ್ರೆ ಯಾರನ್ನ ತೋರಿಸ್ಲಿ? ಒಂಬತ್ತೋ, ಹನ್ನೆರಡೋ?” ಅಳಿಯ ಕೇಳಿದ.

ಸಾಗರದ ನೆಲದಲ್ಲಿ ನಿಂತು ಈ ಪ್ರಶ್ನೆ ಕೇಳಬಾರದು. ಗೇಣಿ ಅಳೆಯುವ ಕೊಳಗದ ಅಳತೆಯಿಂದ ಹೊತ್ತಿಕೊಂಡ ಕಾಗೋಡು ಸತ್ಯಾಗ್ರಹ 1951ರಲ್ಲಿ ನಡೆದದ್ದು ಈ ತಾಲ್ಲೂಕಿನಲ್ಲೇ. ಲೋಹಿಯಾ ಬಂದು ಇಲ್ಲಿ ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಮರುವರ್ಷ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು. ಮೂರೂ ತಾಲ್ಲೂಕು ಸೇರಿ ಕೊಟ್ಟ ತೀರ್ಪೆಂದರೆ ಇದೇ: ಉಳುವವನೇ ಹೊಲದೊಡೆಯ. 1974ರ ತಿದ್ದುಪಡಿಯ ಮೇಲೆ ಗೇಣಿದಾರರು ಏಳನೇ ನಂಬರ್ ಫಾರಂನಲ್ಲಿ ಡಿಕ್ಲರೇಷನ್ ಹಾಕಿ ಹಕ್ಕು ಪಡೆದರು. ಪಾಪ, ಪ್ರಸಂಗಕರ್ತರಿಗೆ ಆ ಫಾರಂ ಯಾರೂ ಕೊಡಲಿಲ್ಲ. ನೂರಾರು ವರ್ಷ ವ್ಯಾಸನ ಜಮೀನು ಉತ್ತು, ಬಿತ್ತಿ, ಕೊನೆಗೆ ಮಂಗಳಪದ್ಯದ ಮೂಲೆಯಲ್ಲಿ ಊರ ದೇವರ ಹೆಸರು ಹಾಕಿ ತೆಪ್ಪಗೆ ಎದ್ದುಹೋದರು. “ಹನ್ನೆರಡನೇ ಕಾಲಂನವರನ್ನ ಮೊದ್ಲು ತೋರ್ಸು. ವ್ಯಾಸನಿಗೆ ಬೇಜಾರಾಗದು, ಅವ್ನಿಗೆ ಬೇರೆ ಕಡೆ ಬೇಕಾದಷ್ಟು ಆಸ್ತಿ ಉಂಟು” ಎಂದೆ.

ಇರುವ ಸ್ಥಳ ಎಂಬ ಕಾಲಂ ಸಣ್ಣದು, ಆದರೆ ಅದರಲ್ಲಿ ಕಥೆ ದೊಡ್ಡದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರದ ಹಳ್ಳಿಗಳು ನೀರಿನಡಿಗೆ ಹೋದಾಗ ಜನ ಪಾತ್ರೆ, ದನ, ದೇವರ ಜೊತೆ ಪೆಟ್ಟಿಗೆಗಳನ್ನೂ ಹೊತ್ತು ನಡೆದರು. ಯಾವ ಪೆಟ್ಟಿಗೆ ಲಾರಿ ಹತ್ತಿತು, ಯಾವುದು ಹತ್ತಲಿಲ್ಲ ಎಂದು ಬರೆದಿಟ್ಟವರಿಲ್ಲ. ಆ ಮನೆತನಗಳ ಪ್ರಸಂಗಪ್ರತಿಗಳ ಮುಂದೆ ನಾವು ಮುಳುಗಡೆ ಎಂದಷ್ಟೇ ಬರೆದು ಮುಂದಿನ ಸಾಲಿಗೆ ಹೋದೆವು.

ಇನ್ನು ಹುಡುಕಾಟ. ಅಳಿಯ ಮೊದಲ ಪ್ರಯೋಗವಾಗಿ ‘ಕೃಷ್ಣ’ ಎಂದು ಹುಡುಕಿದ. ಭಾಗವತರು ನಕ್ಕರು. ವಿರಾಟನ ಮಗ ಉತ್ತರ, ಬೃಹನ್ನಳೆಯೇ ಅರ್ಜುನ ಎಂಬುದನ್ನು ನಂಬದೆ, ಅರ್ಜುನನ ಹತ್ತು ಹೆಸರು ಹೇಳು ನೋಡೋಣ ಎನ್ನುತ್ತಾನಲ್ಲ. ಪಾಸ್‌ವರ್ಡ್ ಕೇಳಿದ ಮೊದಲ ಮನುಷ್ಯ ಅವನೇ ಇರಬೇಕು. ಅರ್ಜುನ ಹೇಳುವ ಆ ಹತ್ತರಲ್ಲಿ ಫಲ್ಗುಣ, ಕಿರೀಟಿ, ಧನಂಜಯ, ಸವ್ಯಸಾಚಿಗಳ ಜೊತೆಗೆ ವಿಜಯವೂ ಇದೆ, ಕೃಷ್ಣವೂ ಇದೆ! ಹಾಗಾಗಿ ಕೃಷ್ಣನನ್ನು ಹುಡುಕಿದವನಿಗೆ ಅರ್ಜುನನನ್ನೂ ಕೊಡಬೇಕು. ವಿಜಯ ಎಂದವನಿಗೆ ಅರ್ಜುನನ ಜೊತೆಗೆ ಭೀಷ್ಮ ವಿಜಯ, ಕುಮಾರ ವಿಜಯಗಳೂ ಬರುತ್ತವೆ, ತಡೆಯುವವರಿಲ್ಲ. ಕೃಷ್ಣಾರ್ಜುನರು ಎದುರುಬದುರು ನಿಂತ ಪ್ರಸಂಗದಲ್ಲಿ ಯಾರು ಯಾರನ್ನು ಹೊಡೆದರೆಂದು ಕಂಪ್ಯೂಟರಿಗೆ ತಿಳಿಸಲು ಅಳಿಯ ಒಂದು ಇಡೀ ಸಂಜೆ ಕಳೆದ.

ಅಕ್ಷರಗಳದು ಬೇರೆಯೇ ರಗಳೆ. ಹಳೆಯ ನುಡಿ, ಬರಹಗಳಲ್ಲಿ ಟೈಪ್ ಮಾಡಿದ ಪ್ರಸಂಗಗಳು ಪರದೆಯ ಮೇಲೆ ಕನ್ನಡ, ಹುಡುಕಹೋದರೆ ಅಕ್ಷರಗಳ ಚೂರುಪಾರು. ಯುನಿಕೋಡ್‌ಗೆ ತಂದ ಮೇಲೂ, ಸೂರ್ಯನ ಅರ್ಕಾವೊತ್ತಿನ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದು ನುಸುಳಿದ್ದರೆ ಆ ಸೂರ್ಯ ಈ ಸೂರ್ಯನಿಗೆ ಸಿಗುವುದಿಲ್ಲ. ಕರಪತ್ರಗಳ ಕಾಗುಣಿತವನ್ನಂತೂ ಹೇಳುವುದೇ ಬೇಡ: ಗದಾಯುದ್ಧ ಒಂದು ಕಡೆ ಗಧಾಯುದ್ದ, ಇನ್ನೊಂದು ಕಡೆ ಗದಾಯುದ್ದ. ಭೀಮ ಹೇಗೆ ಹೊಡೆದರೂ ದುರ್ಯೋಧನ ಸಾಯುತ್ತಾನೆ, ಹಾಗಿದ್ದಮೇಲೆ ಮಹಾಪ್ರಾಣ ಯಾರಿಗೆ ಬೇಕು ಎಂಬುದು ಅಚ್ಚು ಹಾಕಿದವನ ನಿಲುವು. ನಮ್ಮ ಹುಡುಕುಪೆಟ್ಟಿಗೆ ಅಲ್ಪಪ್ರಾಣ, ಮಹಾಪ್ರಾಣಗಳನ್ನು ಸಮಾನವಾಗಿ ಕಾಣಬೇಕೆಂದು ತೀರ್ಮಾನಿಸಿದೆವು. ಊರಿನಲ್ಲಿ ಸಮಾನತೆ ಎಲ್ಲಿಂದಲಾದರೂ ಶುರುವಾಗಲಿ.

ಆರ್ಕೈವಿನ ಬೆನ್ನೆಲುಬು ಟ್ಯಾಗುಗಳು. ಬರೆದವರು ತೋಚಿದ ಟ್ಯಾಗು ಹಾಕುತ್ತಾರೆ. ಹೆಸರು ಬೇರೆ, ಅರ್ಥ ಒಂದೇ ಆಗಿರುವ ಟ್ಯಾಗುಗಳನ್ನು ಒಂದಕ್ಕೊಂದು ಗಂಟು ಹಾಕಲು ಸ್ವಯಂಸೇವಕರ ಪಡೆಯೇ ಇದೆ. ವಾದ ಮಾಡಲು ಸ್ವಯಂಸೇವಕರು ಬೇಕೆಂದರೆ ನಮ್ಮ ಮೂರು ತಾಲ್ಲೂಕು ದೇಶಕ್ಕೇ ರಫ್ತು ಮಾಡಬಲ್ಲದು. ಅಳಿಯ ತಂದ ಟ್ಯಾಗೊಂದು, ಮೂಲದಲ್ಲಾದ ಅನ್ಯಾಯವನ್ನು ಸರಿಪಡಿಸುವ ಕಥೆ ಎಂಬುದು. ಅದರ ಕೆಳಗೆ ನಾನು ಮೊದಲು ಬರೆದದ್ದು ಕುವೆಂಪು ಅವರ 1944ರ ನಾಟಕ ‘ಶೂದ್ರ ತಪಸ್ವಿ’. ಅಲ್ಲಿ ರಾಮನ ಬಾಣ ಶಂಬೂಕನನ್ನು ಬಿಟ್ಟು, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಕೊಂಡು ಹೋಗುತ್ತದೆ. ಮಾಸ್ತಿಯವರು ಅಂದೇ ತಕರಾರು ಎತ್ತಿದ್ದರು, ಪುರಾಣದ ಕಥೆಯನ್ನು ಹೀಗೆ ತಿರುಗಿಸಬಹುದೇ ಎಂದು. ನಮ್ಮ ಜಗಲಿಯಲ್ಲೂ ಎರಡು ಪಕ್ಷವಾಯಿತು. ಒಬ್ಬರು ಅದು ತಿದ್ದುಪಡಿ ಎಂದರು, ಇನ್ನೊಬ್ಬರು ತಿರುಚುವಿಕೆ ಎಂದರು, ಮೂರನೆಯವರು ಚಹಾ ಆರುತ್ತಿದೆ ಎಂದರು. ಎರಡೂ ಟ್ಯಾಗುಗಳನ್ನು ಹಾಕಿದೆವು.

ಇಷ್ಟು ಹೊತ್ತು ಮಾತಾಡಿದ್ದು ಬರೆದ ಕಥೆಗಳ ವಿಷಯ. ನಿಜವಾದ ಕಷ್ಟ ಬರೆಯದೇ ಇದ್ದವುಗಳದು. ಪ್ರಸಂಗ ಪುಸ್ತಕದಲ್ಲಿರುವುದು ಪದ್ಯ, ಅದರ ನೆತ್ತಿಯ ಮೇಲೆ ರಾಗ, ತಾಳದ ಹೆಸರು. ಮಾತು ಅಲ್ಲಿಲ್ಲ, ಅದನ್ನು ಅರ್ಥಧಾರಿ ಕೂತಲ್ಲೇ ಕಟ್ಟಬೇಕು. ಮಳೆಗಾಲದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದು ಮಾತೊಂದೇ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ ಎಂದು ವಾಲಿ ಕೇಳುವುದಕ್ಕೆ ಪದ್ಯದಲ್ಲಿ ನಾಲ್ಕು ಸಾಲು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಲು ಕೂತರೆ ಎದುರಿನ ರಾಮ ಬೆವರಬೇಕಿತ್ತು. ಅದೇ ವಾಲಿ ಮರುದಿನ ಬೇರೆ ಊರಿನಲ್ಲಿ, ಬೇರೆ ರಾಮನೆದುರು ಬೇರೆಯೇ ಪ್ರಶ್ನೆ ಕೇಳುತ್ತಿದ್ದ. ಹಾಗಾದರೆ ಪ್ರತಿ ರಾತ್ರಿಯೂ ಒಂದು ಹೊಸ ಕೃತಿ, ಕೂತವರೆಲ್ಲ ಅದರ ಕರ್ತೃಗಳು, ಬೆಳಗಾದರೆ ಪ್ರತಿ ಇಲ್ಲ. ಕೆಲವನ್ನು ಕ್ಯಾಸೆಟ್ಟು ಹಿಡಿದಿದೆ. ಆ ಕ್ಯಾಸೆಟ್ಟುಗಳಲ್ಲಿ ಕೆಲವನ್ನು ಬೂಷ್ಟು ಹಿಡಿದಿದೆ. ಅಳಿಯ ಇದಕ್ಕೆ ಬೇರೆಯೇ ಕೋಷ್ಟಕ ಮಾಡಿದ: ಯಾವ ಊರು, ಯಾವ ರಾತ್ರಿ, ಯಾರ ಎದುರು ಯಾರು. ಯಾರ ಎದುರು ಎಂಬ ಕಾಲಂ ನನಗೆ ಬಹಳ ಇಷ್ಟವಾಯಿತು. ಗ್ರಂಥಾಲಯದ ಸೂಚಿಪತ್ರಕ್ಕೆ ಅದು ಬೇಕಾಗುವುದಿಲ್ಲ. ಆದರೆ ಎದುರಾಳಿಯಿಲ್ಲದೆ ಇಲ್ಲಿ ಒಂದು ವಾಕ್ಯವೂ ಹುಟ್ಟಿದ್ದಿಲ್ಲ.

ಎಲ್ಲ ತುಂಬಿಸಿ, ಮೊದಲ ಬಳಕೆದಾರರಾಗಿ ನಮ್ಮ ಅತ್ತೆಯವರನ್ನು ಕೂರಿಸಿದೆವು. ಅವರು ಕೃತಿಯ ಹೆಸರು ಕೇಳಲಿಲ್ಲ, ಕವಿಯ ಹೆಸರಂತೂ ಇಲ್ಲವೇ ಇಲ್ಲ. “ಅದೇ, ಅಪ್ಪ ಅಂತ ಗೊತ್ತಿದ್ದೂ ಮಗ ಹೊಡೆದು ಹಾಕ್ತಾನಲ್ಲ, ಆಮೇಲೆ ಆ ಹೆಂಗಸು ಹಾವಿನ ಲೋಕದಿಂದ ಮಣಿ ತರಿಸ್ತಾಳಲ್ಲ, ಅದು ಬೇಕು” ಎಂದರು. ಬಭ್ರುವಾಹನ ಕಾಳಗ. ನಮ್ಮ ಕೋಷ್ಟಕ ಬೆಪ್ಪಾಗಿ ಕೂತಿತು. ಆಮೇಲೆ ಗೊತ್ತಾದದ್ದು, ಜನ ಕಥೆಯನ್ನು ನೆನಪಿಡುವುದು ಸಂಬಂಧ ಮತ್ತು ಸಂಕಟಗಳ ಮೂಲಕ, ಕಾಲಂಗಳ ಮೂಲಕ ಅಲ್ಲ. ಅಪ್ಪನಿಗೆ ಎದುರಾದ ಮಗ, ಗಂಡನಿಗೆ ಬೈದ ಹೆಂಡತಿ, ಮಾತು ತಪ್ಪಿದ ರಾಜ, ಹೀಗೆ ಹೊಸ ಕಾಲಂಗಳು ಎದ್ದವು.

ಇದು ಹೊಸತೇನಲ್ಲ ಎಂದು ಆಮೇಲೆ ಸಮಾಧಾನವಾಯಿತು. ಹೊಸನಗರ ತಾಲ್ಲೂಕಿನ ನಗರ, ಅಂದಿನ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿದ್ದಾಗ ಬಸಪ್ಪನಾಯಕ 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶ ಮುಗಿಸಿದ. ರಾಜನೀತಿ, ಅಡುಗೆ, ಸಂಗೀತ, ಆನೆ, ಕುದುರೆ, ಏನುಂಟು ಏನಿಲ್ಲ. ಅಷ್ಟನ್ನೂ ಅವನು ಪಟ್ಟಿ ಹಾಕಲಿಲ್ಲ. ಮಗ ಸೋಮಶೇಖರ ಕೇಳುತ್ತಾನೆ, ಅಪ್ಪ ಹೇಳುತ್ತಾನೆ. ಕೇಳುವವನನ್ನು ಪುಸ್ತಕದೊಳಗೇ ಕೂರಿಸಿಕೊಂಡ ಬುದ್ಧಿವಂತಿಕೆ ಅದು. ನಮ್ಮ ಕೋಶದೊಳಗೆ ಅತ್ತೆಯವರನ್ನು ಕೂರಿಸಲಾಗದು, ಅವರ ಪ್ರಶ್ನೆಗಳನ್ನಾದರೂ ಕೂರಿಸಿದೆವು.

ಕೊನೆಯದಾಗಿ ನಾನು ಸೇರಿಸಿದ ಕಾಲಂ ತಕರಾರು. ಪಾರ್ತಿಸುಬ್ಬನ ಕುರಿತ ಪಂಡಿತರದು, ಶಂಬೂಕನ ಕುರಿತ ಮಾಸ್ತಿಯವರದು, ನಾಗಶ್ರೀಯರ ಕುರಿತು ಪೌರಾಣಿಕದ ಪಕ್ಷಪಾತಿಗಳದು, ರಾಮ ಮೃಗ ಹೊಡೆದದ್ದು ನಮ್ಮೂರಲ್ಲೇ ಎನ್ನುವ ಇತರ ಊರಿನವರದು, ಎಲ್ಲಕ್ಕೂ ಜಾಗ. ತುಂಬಿದ್ದು ಅದೊಂದೇ ಕಾಲಂ, ಬಹಳ ಬೇಗ ತುಂಬಿತು. ಅಳಿಯ ಅದರ ಪಕ್ಕ ಇತ್ಯರ್ಥ ಎಂದು ಇನ್ನೊಂದು ಎಳೆದ. ನಾನು ಅಳಿಸು ಎಂದೆ. ತಹಶೀಲ್ದಾರರ ಮುಂದೆ ತಕರಾರು ಇತ್ಯರ್ಥವಾದರೆ ಜಮೀನಿಗೆ ಒಳ್ಳೆಯದು. ಕಥೆಗೆ ಹಾಗಲ್ಲ. ಶಂಬೂಕನಿಗಾದದ್ದು ನ್ಯಾಯ ಎಂದು ಎಲ್ಲರೂ ಒಪ್ಪಿ ಸುಮ್ಮನಾಗಿದ್ದರೆ ಕುಪ್ಪಳಿಯವರು ಲೇಖನಿ ಎತ್ತುತ್ತಿರಲಿಲ್ಲ. ವಾಲಿಗೆ ಸಮಾಧಾನವಾಗಿದ್ದರೆ ತಾಳಮದ್ದಳೆ ಒಂದೇ ರಾತ್ರಿಗೆ ಮುಗಿಯುತ್ತಿತ್ತು. ಇತ್ಯರ್ಥವಾದ ಕಥೆಯ ಮೇಲೆ ಮುಂದಿನ ಕವಿ ಹುಟ್ಟುವುದಿಲ್ಲ.

ಇದಕ್ಕೆ ಅಳಿಯನ ತಕರಾರಿದೆ. ದಾಖಲಿಸಿಕೊಂಡಿದ್ದೇನೆ.